ಬೆತ್ತಕ್ಕೆ ಬಗ್ಗದ ಮಕ್ಕಳು

ಬೇಸಿಗೆಯ ರಜೆ ಕಳೆದು ಪಾಠಶಾಲೆಗಳು ತೆರೆದ ಒಂದೆರಡು ತಿಂಗಳೊಳಗಾಗಿ ಪ್ರತಿಯೊಂದು ಊರಿನಲ್ಲಿಯೂ ಕೆಲವರು ತಂದೆತಾಯಿಗಳಿಗೆ ಉಪಾಧ್ಯಾಯರಿಂದ ಕರೆ ಬರುವುದುಂಟು. “ನಿಮ್ಮ ಹುಡುಗ ಕೂತಲ್ಲಿ ಕೂಡುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಹೇಳಿದ ಪಾಠ ಕಿವಿಗೆ ಹಾಕಿಕೊಳ್ಳುವುದಿಲ್ಲ, ಪಕ್ಕದವನನ್ನೂ ಓದಗೊಡುವುದಿಲ್ಲ, ನಿನ್ನೆ ಕೊಡಿಸಿದ ಪೆನ್ಸಿಲು ಇವತ್ತಿಗಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ.” ಬಳ್ಳಾರಿ ನಗರದ ಶಾಲೆಯಾಗಲಿ, ಸಿರುಗುಪ್ಪದ ಗದ್ದೆಬಯಲ ನಡುವಿನ ಶಾಲೆಯಾಗಲಿ, ಕುರುಗೋಡಿನ ಬೆಟ್ಟದ ನೆರಳಿನ ಶಾಲೆಯಾಗಲಿ, ದೂರಿನ ಮಾತುಗಳು ಮಾತ್ರ ಒಂದೇ. ತಂದೆ ತಲೆ ತಗ್ಗಿಸಿ ಕೇಳಿಕೊಂಡು ಮನೆಗೆ ಬಂದು ಕೋಲು ಹಿಡಿಯುತ್ತಾನೆ. ತಾಯಿ ದೃಷ್ಟಿ ನಿವಾಳಿಸಿ ತಾಯಿತ ಕಟ್ಟಿಸುತ್ತಾಳೆ. ಎರಡು ಮೂರು ವರ್ಷ ಹೀಗೆ ಕಳೆಯುತ್ತದೆ. ಕೊನೆಗೆ ‘ಇವನಿಗೆ ವಿದ್ಯೆ ಹತ್ತುವುದಿಲ್ಲ’ ಎಂಬ ತೀರ್ಪಿನೊಡನೆ ಹುಡುಗನ ಓದು ಮುಗಿಯುತ್ತದೆ. ಆ ತೀರ್ಪನ್ನು ಕೊಟ್ಟವರು ಯಾರು? ಯಾವ ವಿಚಾರಣೆ ನಡೆಸಿ ಕೊಟ್ಟರು? ಅದರ ಮೇಲೆ ಅಪೀಲು ಎಲ್ಲಿ? ಈ ಪ್ರಶ್ನೆಗಳನ್ನು ಕೇಳುವವರು ವಿರಳ. ಅವನ್ನು ಕೇಳುವುದೇ ಈ ಲೇಖನದ ಉದ್ದೇಶ.

ಇಂತಹ ಮಕ್ಕಳೆಲ್ಲರೂ ರೋಗಿಗಳೆಂದು ನಾವು ಹೇಳುವವರಲ್ಲ. ಆದರೆ ಅವರಲ್ಲಿ ಕೆಲವರು ತುಂಟರೂ ಅಲ್ಲ, ಸೋಮಾರಿಗಳೂ ಅಲ್ಲ, ದಡ್ಡರಂತೂ ಅಲ್ಲವೇ ಅಲ್ಲ ಎಂಬುದು ಇಂದು ವೈದ್ಯಶಾಸ್ತ್ರದಲ್ಲಿ ನೆಲೆಗೊಂಡಿರುವ ಮಾತು. ಅವರನ್ನು ಬಾಧಿಸುತ್ತಿರುವ ತೊಂದರೆಗೆ ವೈದ್ಯರು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಹೆಸರಿಟ್ಟಿದ್ದಾರೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ಎಡಿಎಚ್‌ಡಿ ಎಂದು ಕರೆಯುವುದು ರೂಢಿ. ಇದು ನಗರದ ಶ್ರೀಮಂತರು ಕಂಡುಹಿಡಿದ ಹೊಸ ಕಾಯಿಲೆಯೆಂದು ಹಲವರು ನಗುತ್ತಾರೆ. ನಗುವ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ಮೇಲು.

ಸಹಜ ಚಂಚಲತೆ ಮತ್ತು ತೊಂದರೆ

ಮನಸ್ಸು ಚಂಚಲವೆಂಬ ದೂರು ಇಂದಿನದಲ್ಲ. ಭಗವದ್ಗೀತೆಯಲ್ಲಿ ಅರ್ಜುನನೇ ಅದನ್ನು ಶ್ರೀಕೃಷ್ಣನ ಮುಂದೆ ತೋಡಿಕೊಂಡಿದ್ದಾನೆ. ಗುರಿಯಿಟ್ಟರೆ ತಪ್ಪದ ಬಿಲ್ಲಾಳಿನ ಪಾಡೇ ಅದಾಗಿರುವಲ್ಲಿ ಏಳು ವರ್ಷದ ಬಾಲಕನ ಪಾಡನ್ನು ಕೇಳತಕ್ಕದ್ದೇನಿದೆ? ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರಿನ ದಿನ ಯಾವ ಮಗುವೂ ಕೂತಲ್ಲಿ ಕೂಡಲಾರದು. ಅದು ಕಾಯಿಲೆಯಲ್ಲ, ಬಾಲ್ಯ. ಹಾಗಾದರೆ ಬಾಲ್ಯಕ್ಕೂ ತೊಂದರೆಗೂ ನಡುವಣ ಗೆರೆ ಯಾವುದು?

ವೈದ್ಯರು ಆ ಗೆರೆಯನ್ನು ಮನಬಂದಂತೆ ಎಳೆಯುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಗಮನದ ಕೊರತೆಗೆ ಸಂಬಂಧಿಸಿದ 9 ಲಕ್ಷಣಗಳನ್ನೂ, ಅತಿಚಟುವಟಿಕೆ ಹಾಗೂ ದುಡುಕಿಗೆ ಸಂಬಂಧಿಸಿದ 9 ಲಕ್ಷಣಗಳನ್ನೂ ಎಣಿಸಿದೆ. ಮಗುವಿನಲ್ಲಿ ಈ ಎರಡು ಗುಂಪುಗಳ ಪೈಕಿ ಯಾವುದಾದರೊಂದರಲ್ಲಿ ಕನಿಷ್ಠ 6 ಲಕ್ಷಣಗಳು ಇರಬೇಕು. ಅವು ಆರು ತಿಂಗಳಿಗೆ ಕಡಮೆಯಿಲ್ಲದೆ ಕಂಡುಬಂದಿರಬೇಕು. ಹಲವು ಲಕ್ಷಣಗಳು 12 ವರ್ಷ ತುಂಬುವ ಮುನ್ನವೇ ತೋರಿರಬೇಕು. ಶಾಲೆಯಲ್ಲಿ ಮಾತ್ರವಲ್ಲದೆ ಮನೆಯಲ್ಲಿಯೋ ಆಟದ ಬಯಲಿನಲ್ಲಿಯೋ, ಅಂತೂ ಎರಡು ಕಡೆಯಾದರೂ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವುಗಳಿಂದ ಮಗುವಿನ ಓದಿಗೆ, ಒಡನಾಟಕ್ಕೆ, ಬದುಕಿಗೆ ಕೇಡಾಗುತ್ತಿರಬೇಕು. ಒಬ್ಬ ಉಪಾಧ್ಯಾಯರ ತರಗತಿಯಲ್ಲಿ ಮಾತ್ರ ಗದ್ದಲವೆಬ್ಬಿಸಿ ಉಳಿದೆಡೆ ಸರಿಯಾಗಿರುವ ಹುಡುಗನು ಈ ಗೆರೆಯ ಈಚೆಗೇ ಉಳಿಯುತ್ತಾನೆ. ಅಲ್ಲಿ ಪರೀಕ್ಷಿಸತಕ್ಕದ್ದು ಬೇರೆ ಏನೋ ಇದ್ದೀತು.

ಇನ್ನೊಂದು ಮಾತನ್ನು ನಮ್ಮ ವಾಚಕರು ಮರೆಯಬಾರದು. ಈ ತೊಂದರೆಯುಳ್ಳ ಮಕ್ಕಳೆಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡವರಲ್ಲ. ಗದ್ದಲವಿಲ್ಲದೆ ಕಿಟಕಿಯಾಚೆ ನೋಡುತ್ತ ಕುಳಿತು, ಬರೆದ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು, ಚೀಲವನ್ನು ಶಾಲೆಯಲ್ಲಿಯೂ ಬುತ್ತಿಯನ್ನು ದಾರಿಯಲ್ಲಿಯೂ ಮರೆತು ಬರುವ ಮಕ್ಕಳೂ ಇದ್ದಾರೆ. ಹೆಣ್ಣುಮಕ್ಕಳಲ್ಲಿ ತೊಂದರೆಯು ಹೆಚ್ಚಾಗಿ ಈ ಬಗೆಯದೇ. ಅವರ ವಿಷಯವಾಗಿ ಯಾರೂ ದೂರು ತರುವುದಿಲ್ಲ. ‘ಪಾಪ, ಮಂಕು ಹುಡುಗಿ’ ಎಂದು ಬಿಟ್ಟುಬಿಡುತ್ತಾರೆ. ಗದ್ದಲ ಮಾಡಿದವನಿಗೆ ಏಟಾದರೂ ಸಿಕ್ಕಿತು. ಮೌನವಾಗಿ ಹಿಂದುಳಿದವಳಿಗೆ ಯಾರ ಗಮನವೂ ಸಿಗಲಿಲ್ಲ.

ಹೊಸ ಹೆಸರು, ಹಳೆಯ ವ್ಯಥೆ

ಇದು ಹೊಸ ಕಾಯಿಲೆಯೆಂಬ ಆಕ್ಷೇಪಣೆಗೆ ಚರಿತ್ರೆಯೇ ಉತ್ತರ ಹೇಳುತ್ತದೆ. ಒಂದು ವಿಷಯದಲ್ಲಿ ಮನಸ್ಸನ್ನು ನಿಲ್ಲಿಸಲಾರದ ವ್ಯಾಧಿಯನ್ನು ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಷ್ಟು ಹಿಂದೆಯೇ ವರ್ಣಿಸಿದ್ದನು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅಲ್ಲಿಯ ರಾಜಕೀಯ ವೈದ್ಯವಿದ್ಯಾಲಯದಲ್ಲಿ ಮೂರು ಉಪನ್ಯಾಸಗಳನ್ನು ಕೊಟ್ಟು, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ಬಗೆಯನ್ನು ವಿವರಿಸಿದನು. ಅವನು ಕೂಡ ಅದನ್ನು ನೈತಿಕ ಸಂಯಮದ ದೋಷವೆಂದೇ ಕರೆದನು. ವೈದ್ಯನೇ ಅದನ್ನು ನೀತಿಯ ಮಾತಿನಲ್ಲಿ ಹೇಳಿದ ಮೇಲೆ ಉಪಾಧ್ಯಾಯರು ಬೆತ್ತ ಹಿಡಿದದ್ದರಲ್ಲಿ ಆಶ್ಚರ್ಯವೇನು? ಆದರೂ ಕೇಡು ಶೀಲದಲ್ಲಿಲ್ಲ, ಶರೀರದಲ್ಲಿ ಇದ್ದೀತು ಎಂಬ ಶಂಕೆಯನ್ನು ಮೊದಲಾಗಿ ಬಿತ್ತಿದವರಲ್ಲಿ ಅವನೂ ಒಬ್ಬ.

1937ರಲ್ಲಿ ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ತನ್ನ ಆಶ್ರಯದಲ್ಲಿದ್ದ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಕೊಟ್ಟು ನೋಡಿದನು. ಉತ್ತೇಜಕ ಕೊಟ್ಟರೆ ಮಕ್ಕಳು ಇನ್ನಷ್ಟು ಕುಣಿಯಬೇಕಷ್ಟೆ. ಹಾಗಾಗಲಿಲ್ಲ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಶಾಂತರಾಗಿ ಕುಳಿತು ಪಾಠದಲ್ಲಿ ಬೆರಗಾಗುವಂತಹ ಆಸಕ್ತಿ ತೋರಿದರು. ಸ್ವಿಟ್ಜರ್ಲೆಂಡಿನಲ್ಲಿ 1944ರಲ್ಲಿ ತಯಾರಾದ ಮೀಥೈಲ್‌ಫೆನಿಡೇಟ್ ಎಂಬ ಔಷಧವು ಇಂದಿಗೂ ಈ ತೊಂದರೆಯ ಮುಖ್ಯ ಮದ್ದುಗಳಲ್ಲೊಂದು. ಹೆಸರು ಮಾತ್ರ ಹಲವು ಸಲ ಬದಲಾಯಿತು. 1968ರಲ್ಲಿ ಅಮೆರಿಕದ ವೈದ್ಯರು ಇದನ್ನು ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ ಎಂದರು. 1980ರಲ್ಲಿ ಗಮನದ ಕೊರತೆಗೆ ಪ್ರಾಧಾನ್ಯ ಕೊಟ್ಟರು. 1987ರಲ್ಲಿ ಈಗಿನ ಹೆಸರು ಬಂದಿತು. 2022ರಲ್ಲಿ ಜಾರಿಗೆ ಬಂದ ಜಾಗತಿಕ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಅದೇ ಹೆಸರನ್ನು ಅಂಗೀಕರಿಸಿತು. ಹೆಸರು ಬದಲಾದುದರಿಂದ ವ್ಯಥೆ ಹೊಸದಾಗಲಿಲ್ಲ.

ಲೋಕದ ಎಲ್ಲ ಭಾಗಗಳಿಂದ ಬಂದ 102 ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಈ ತೊಂದರೆಯ ಪ್ರಮಾಣ ಶೇಕಡಾ 5ಕ್ಕಿಂತ ತುಸು ಹೆಚ್ಚೆಂದು ಕಂಡಿತು. ಅಳೆಯುವ ವಿಧಾನ ಬದಲಾದಂತೆ ಅಂಕೆಯೂ ಬದಲಾಗುತ್ತದೆಂಬುದನ್ನು ಒಪ್ಪೋಣ. ಆದರೂ ಈ ಲೆಕ್ಕವನ್ನು ಹಿಡಿದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಯಾವ ಉಪಾಧ್ಯಾಯರೂ ತಮ್ಮ ಸೇವಾವಧಿಯಲ್ಲಿ ಇಂತಹ ಮಕ್ಕಳನ್ನು ಕಂಡಿಲ್ಲವೆಂದು ಹೇಳಲಾರರು. ಕಂಡಿದ್ದಾರೆ, ಗುರುತಿಸಲಿಲ್ಲ, ಅಷ್ಟೇ.

ಮಿದುಳಿನ ಮಾತು

ಹಾಗಾದರೆ ಈ ಮಕ್ಕಳಲ್ಲಿ ಆಗಿರುವುದೇನು? ಒಂದು ಕೆಲಸವನ್ನು ಆಯ್ದುಕೊಂಡು, ಮಿಕ್ಕ ಆಕರ್ಷಣೆಗಳನ್ನು ಬದಿಗೊತ್ತಿ, ಫಲಕ್ಕಾಗಿ ಕಾಯುವ ಶಕ್ತಿಯು ಮಿದುಳಿನ ಮುಂಭಾಗಕ್ಕೂ ಅದರೊಡನೆ ಹೊಂದಿಕೊಂಡ ಒಳಭಾಗಗಳಿಗೂ ಸೇರಿದ್ದು. ಡೋಪಮೈನ್ ಮೊದಲಾದ ರಾಸಾಯನಿಕಗಳು ಅಲ್ಲಿ ಸುದ್ದಿ ಒಯ್ಯುವ ಓಲೆಕಾರರು. ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಗಳ ಅಧ್ಯಯನದಿಂದ ಒಂದು ಮುಖ್ಯ ಸಂಗತಿ ತಿಳಿದುಬಂದಿತು. ಈ ತೊಂದರೆಯುಳ್ಳ ಮಕ್ಕಳಲ್ಲಿ ಮಿದುಳಿನ ಹೊರಪದರದ ಬೆಳವಣಿಗೆಯು ಇತರ ಮಕ್ಕಳ ಕ್ರಮದಲ್ಲಿಯೇ ನಡೆಯುತ್ತದೆ, ಆದರೆ ಸರಾಸರಿ ಮೂರು ವರ್ಷ ತಡವಾಗಿ. ಹತ್ತು ವರ್ಷದ ಹುಡುಗನಿಂದ ನಾವು ಹತ್ತು ವರ್ಷದ ಸಂಯಮವನ್ನು ಕೇಳುತ್ತಿದ್ದೇವೆ. ಸಂಯಮದ ಮಟ್ಟಿಗೆ ಅವನ ಬಳಿ ಇರುವುದು ಅದಕ್ಕಿಂತ ಎಳೆಯ ಬಂಡವಾಳ. ಇಲ್ಲದ ಹಣವನ್ನು ಬೆತ್ತದಿಂದ ವಸೂಲು ಮಾಡುವುದು ಯಾವ ನ್ಯಾಯ?

ಅವಳಿ ಮಕ್ಕಳ ಅಧ್ಯಯನಗಳಿಂದ ಈ ತೊಂದರೆಯಲ್ಲಿ ಆನುವಂಶಿಕತೆಯ ಪಾಲು ಶೇಕಡಾ 70ರಿಂದ 80ರವರೆಗೆ ಇದೆಯೆಂದು ತಿಳಿದುಬಂದಿದೆ. ಅಕಾಲದ ಹೆರಿಗೆ, ಹುಟ್ಟುವಾಗಿನ ಕಡಮೆ ತೂಕ, ಸೀಸದ ವಿಷ ಇವುಗಳಿಗೂ ಇದರೊಡನೆ ಸಂಬಂಧ ಕಂಡುಬಂದಿದೆ. ತಾಯಿಯ ಮುದ್ದು ಹೆಚ್ಚಾದುದರಿಂದಲೋ, ತಂದೆಯ ಕೈ ಸಡಿಲಾದುದರಿಂದಲೋ, ಬೆಲ್ಲ ಸಕ್ಕರೆ ಹೆಚ್ಚು ತಿಂದುದರಿಂದಲೋ ಇದು ಬರುವುದಿಲ್ಲ. ಗಂಡನ ಮನೆಯವರು ಸೊಸೆಯ ಮೇಲೆ, ಸೊಸೆಯು ಅಜ್ಜಿಯ ಮೇಲೆ, ಎಲ್ಲರೂ ಸೇರಿ ಮೊಬೈಲಿನ ಮೇಲೆ ತಪ್ಪು ಹೊರಿಸುವ ಮನೆಗಳಲ್ಲಿ ಈ ಒಂದು ಮಾತು ತಿಳಿದರೆ ಎಷ್ಟೋ ಕಲಹ ಕಡಮೆಯಾದೀತು. ಮೊಬೈಲು ನಿದ್ರೆಯನ್ನೂ ಓದನ್ನೂ ಕೆಡಿಸಬಲ್ಲದೆಂಬುದು ನಿಜ. ಆದರೆ ಸ್ಟಿಲ್ ಕಂಡ ಮಕ್ಕಳ ಕೈಯಲ್ಲಿ ಮೊಬೈಲು ಇರಲಿಲ್ಲ.

ಬಳ್ಳಾರಿಯು ದೇಶಕ್ಕೆ ಕಲಿಸಿದ ಪಾಠ

ಈ ವಿಷಯವನ್ನು ಬಳ್ಳಾರಿಯವರ ಮುಂದೆ ಇಡಲು ನಮಗೆ ವಿಶೇಷ ಕಾರಣವೊಂದಿದೆ. ಭಾರತ ಸರಕಾರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಘೋಷಿಸಿತು. ಘೋಷಣೆಯನ್ನು ಕಾರ್ಯರೂಪಕ್ಕೆ ತರುವ ಬಗೆ ಯಾವುದು? ಅಂದು ಮನೋರೋಗವೆಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕು. ಹೋಗಲಾರದವರು ದೇವರ ಗುಡಿಯನ್ನೋ ದರ್ಗಾವನ್ನೋ ಆಶ್ರಯಿಸಬೇಕು. ಅದೂ ಆಗದಿದ್ದರೆ ಮನೆಯ ಕಂಬಕ್ಕೆ ಕಟ್ಟಿಹಾಕಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅದಕ್ಕೆ ಮೊದಲೇ ತಮ್ಮ ಊರಿನ ಬಳಿಯ ಸಕಲವಾರದ ಹಳ್ಳಿಗಳಲ್ಲಿ ಪ್ರಯೋಗ ನಡೆಸಿ ಅನುಭವ ಪಡೆದಿದ್ದರು. ಅದನ್ನು ಒಂದು ಇಡೀ ಜಿಲ್ಲೆಗೆ ಹರಡಿ ನೋಡಲು ಅವರು ಆರಿಸಿಕೊಂಡದ್ದು ಬಳ್ಳಾರಿಯನ್ನು. 1981ರ ಜನಗಣತಿಯಂತೆ ಸುಮಾರು 15 ಲಕ್ಷ ಜನರಿದ್ದ ಈ ಜಿಲ್ಲೆಯಲ್ಲಿ 1980ರ ದಶಕದ ಮಧ್ಯಭಾಗದಿಂದ 1990ರವರೆಗೆ ಆ ಕಾರ್ಯ ನಡೆಯಿತು. ಡಾಕ್ಟರ್ ಆರ್. ಶ್ರೀನಿವಾಸಮೂರ್ತಿ, ಡಾಕ್ಟರ್ ಮೋಹನ್ ಐಸಾಕ್ ಮೊದಲಾದವರ ಹೆಸರುಗಳು ಆ ಕಾಲದ ಈ ಸೇವೆಯೊಡನೆ ಸೇರಿಕೊಂಡಿವೆ.

ಅದರ ತಂತ್ರ ಸರಳವಾದುದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಮನೋರೋಗಗಳನ್ನೂ ಮೂರ್ಛೆರೋಗವನ್ನೂ ಗುರುತಿಸಿ ಉಪಚರಿಸುವ ತರಬೇತಿ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗಿಯನ್ನು ಕಂಡುಹಿಡಿಯುವ ತಿಳಿವಳಿಕೆ, ಅತ್ಯವಶ್ಯವಾದ ಕೆಲವೇ ಔಷಧಗಳು ಕೇಂದ್ರದಲ್ಲಿಯೇ ಸಿಗುವ ಏರ್ಪಾಡು, ಸುಲಭವಾದ ದಾಖಲೆಪುಸ್ತಕ, ಮೇಲ್ವಿಚಾರಣೆಗೆ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ತಂಡ. ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸುವುದರ ಬದಲು ದೊಡ್ಡಾಸ್ಪತ್ರೆಯ ತಿಳಿವನ್ನು ಹಳ್ಳಿಗೆ ಸಾಗಿಸಿದರು. ಅದು ಸಾಧ್ಯವೆಂದು ಬಳ್ಳಾರಿಯಲ್ಲಿ ಸಿದ್ಧವಾದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ ಅನಂತರ ಎಲ್ಲೆಡೆ ಹಬ್ಬಿತು. ವೈದ್ಯಗ್ರಂಥಗಳಲ್ಲಿ ಇಂದಿಗೂ ಅದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು. ಗಣಿಧೂಳಿಗೂ ಬಿಸಿಲಿಗೂ ಹೆಸರಾದ ನಮ್ಮ ಊರು ಇಂತಹ ಸತ್ಕಾರ್ಯಕ್ಕೂ ಹೆಸರಾಗಿದೆಯೆಂಬುದು ಊರಿನವರಲ್ಲಿಯೇ ಎಷ್ಟು ಮಂದಿಗೆ ಗೊತ್ತು?

ಆದರೆ ಆ ಮಾದರಿಯ ಕಣ್ಣು ಮುಖ್ಯವಾಗಿ ಬಿದ್ದದ್ದು ಉನ್ಮಾದದ ಮೇಲೆ, ಮೂರ್ಛೆಯ ಮೇಲೆ, ಬುದ್ಧಿಮಾಂದ್ಯದ ಮೇಲೆ. ಎದ್ದುಕಾಣುವ ರೋಗಗಳಿಗೆ ಮೊದಲ ಪಾಲು ಸಲ್ಲಬೇಕಾದುದು ಆ ಕಾಲಕ್ಕೆ ನ್ಯಾಯವೇ ಆಗಿತ್ತು. ಬುದ್ಧಿಯಿದ್ದೂ ಗಮನ ನಿಲ್ಲದ ಬಾಲಕನನ್ನು ಯಾರೂ ಆರೋಗ್ಯ ಕೇಂದ್ರಕ್ಕೆ ಕರೆತರಲಿಲ್ಲ, ಏಕೆಂದರೆ ಅವನನ್ನು ಯಾರೂ ರೋಗಿಯೆಂದು ತಿಳಿಯಲಿಲ್ಲ. ಅವನ ಹೆಸರು ಶಾಲೆಯ ದಂಡನೆಯ ಲೆಕ್ಕದಲ್ಲಿ ಮಾತ್ರ ಉಳಿಯಿತು. ಆ ಬಾಕಿಯನ್ನು ತೀರಿಸುವ ಕಾಲ ಈಗ ಬಂದಿದೆ.

ಶಾಲೆ ಬಿಟ್ಟವನ ದಾರಿ

ಈ ಮಕ್ಕಳನ್ನು ಗುರುತಿಸದಿದ್ದರೆ ನಷ್ಟವೇನು ಎಂದು ಕೇಳುವವರು ನಮ್ಮ ಜಿಲ್ಲೆಯನ್ನು ಒಮ್ಮೆ ಸುತ್ತಿಬರಲಿ. ಬಳ್ಳಾರಿ ನಗರದಲ್ಲಿ ಜೀನ್ಸ್ ಬಟ್ಟೆಯ ಹೊಲಿಗೆಯ ಉದ್ಯಮವಿದೆ. ಸಿರುಗುಪ್ಪದ ಸುತ್ತ ಭತ್ತದ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಇವೆ. ಕುರುಗೋಡಿನ ಕಡೆ ಮೆಣಸಿನಕಾಯಿಯ ಹೊಲಗಳಿವೆ. ಇವು ನಾಡಿಗೆ ಅನ್ನವನ್ನೂ ಬಟ್ಟೆಯನ್ನೂ ಕೊಡುವ ಮಾನ್ಯವಾದ ಉದ್ಯೋಗಗಳು. ನಾವು ಅವನ್ನು ಹಳಿಯುವವರಲ್ಲ. ಆದರೆ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ‘ವಿದ್ಯೆ ಹತ್ತುವುದಿಲ್ಲ’ ಎಂಬ ಹಣೆಪಟ್ಟಿ ಹೊತ್ತು ಮನೆಯಲ್ಲಿ ಕುಳಿತ ಮಗುವನ್ನು ಬಡತನವು ಎಲ್ಲಿಗೆ ಕಳುಹಿಸುತ್ತದೆಂಬುದನ್ನು ಯಾರೂ ಹೇಳಬೇಕಾಗಿಲ್ಲ. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚಬಾರದೆಂಬ ಕಾನೂನು ಇದೆ. ಆ ಕಾನೂನನ್ನು ಕಾಯುವ ಅತ್ಯುತ್ತಮ ಉಪಾಯವೆಂದರೆ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು.

ಕೇಡು ಅಲ್ಲಿಗೇ ನಿಲ್ಲದು. ಈ ತೊಂದರೆಯುಳ್ಳವರಲ್ಲಿ ಬಹುಮಂದಿಗೆ ಲಕ್ಷಣಗಳು ಪ್ರೌಢವಯಸ್ಸಿನವರೆಗೂ ಅಷ್ಟಿಷ್ಟು ಉಳಿಯುತ್ತವೆ. ಉಪಚಾರವಿಲ್ಲದೆ ಬೆಳೆದವರಲ್ಲಿ ಅಪಘಾತಗಳೂ ದುಶ್ಚಟಗಳೂ ಇತರರಿಗಿಂತ ಹೆಚ್ಚೆಂದು ಹಲವು ದೇಶಗಳ ಅನುಭವ. ದಿನವೂ ಬೈಗುಳ ತಿಂದು ಬೆಳೆದ ಹುಡುಗನು ಕ್ರಮೇಣ ತಾನು ಕೆಟ್ಟವನೆಂದೇ ನಂಬತೊಡಗುತ್ತಾನೆ. ನಂಬಿದ ಮೇಲೆ ಹಾಗೆಯೇ ನಡೆಯತೊಡಗುತ್ತಾನೆ. ‘ದಂಡಂ ದಶಗುಣಂ’ ಎಂದು ಹೇಳಿಕೊಂಡು ನಾವು ಉಡಾಳನನ್ನು ತಿದ್ದುತ್ತಿದ್ದೇವೆಂದು ತಿಳಿದಿದ್ದೇವೆ. ಎಷ್ಟೋ ಸಲ ಉಡಾಳನನ್ನು ತಯಾರಿಸುತ್ತಿದ್ದೇವೆ.

ಕಾನೂನು ಕೊಟ್ಟದ್ದು, ಕೊಡದದ್ದು

ಬೆತ್ತದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವಿಗೆ ಶಾರೀರಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಕಿವುಡು, ದೃಷ್ಟಿದೋಷ, ಕಲಿಕೆಯ ತೊಂದರೆಗಳೊಡನೆ ಈ ಗಮನದ ಕೊರತೆಯ ಹೆಸರೂ ಸೇರಿದೆ. ಸಂಚಾರಿ ತಂಡವು ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆಯಾದರೂ ಬರತಕ್ಕದ್ದೆಂಬುದು ಆ ಕಾರ್ಯಕ್ರಮದ ನಿಯಮ. ಕರ್ನಾಟಕ ಸರಕಾರವು 2014ರಲ್ಲಿ ಮನೋಚೈತನ್ಯ ಎಂಬ ಹೆಸರಿನಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ ಯೋಜನೆಯನ್ನು ಕೈಗೊಂಡಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಖರ್ಚಿಲ್ಲದೆ ದೂರವಾಣಿ ಮಾಡಿ ಸಲಹೆ ಪಡೆಯಬಹುದು. ಕಾಗದದ ಮೇಲೆ ನೋಡಿದರೆ ಸೇತುವೆಯ ಕಮಾನುಗಳೆಲ್ಲವೂ ಸಿದ್ಧವಾಗಿವೆ.

ಕೊರತೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಅಂಗೀಕರಿಸಿತು. ಓದುಬರಹದ ವಿಶಿಷ್ಟ ತೊಂದರೆಯೂ ಆಟಿಸಮ್ಮೂ ಅದರಲ್ಲಿವೆ. ಗಮನದ ಕೊರತೆಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಆದಕಾರಣ ಈ ಒಂದೇ ತೊಂದರೆಯುಳ್ಳ ಮಗುವಿಗೆ ಆ ಪಟ್ಟಿಯ ಆಧಾರದ ಮೇಲೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವ ದಾರಿ ಸುಗಮವಾಗಿಲ್ಲ. ಶಾಸನ ಮಾಡುವವರು ಈ ವಿಷಯವನ್ನು ಪುನಃ ಪರಿಶೀಲಿಸತಕ್ಕದ್ದು ಯುಕ್ತವೆಂದು ನಮ್ಮ ಅಭಿಪ್ರಾಯ.

ಉಪಚಾರ ಮತ್ತು ಎಚ್ಚರಿಕೆ

ಈ ತೊಂದರೆಗೆ ಉಪಚಾರವುಂಟು. ಆರು ವರ್ಷ ತುಂಬದ ಮಕ್ಕಳಿಗೆ ಮೊದಲು ಬೇಕಾದುದು ಗುಳಿಗೆಯಲ್ಲ; ಮಗುವನ್ನು ನಡೆಸಿಕೊಳ್ಳುವ ಕ್ರಮವನ್ನು ತಂದೆತಾಯಿಗಳಿಗೆ ಕಲಿಸುವ ತರಬೇತಿ. ಅದಕ್ಕಿಂತ ದೊಡ್ಡವರಿಗೆ ಆ ತರಬೇತಿಯೊಡನೆ ಔಷಧವನ್ನೂ ತಜ್ಞರು ಕೊಡುವುದುಂಟು. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳ ಕಾಲ ಉಪಚರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಎಚ್ಚರಿಕೆಯಿಂದ ನಡೆಸಿದ ಔಷಧೋಪಚಾರವು ಮುಖ್ಯ ಲಕ್ಷಣಗಳನ್ನು ತಗ್ಗಿಸುವುದರಲ್ಲಿ ಮೇಲೆಂದು ಕಂಡುಬಂದಿತು. ಔಷಧದಿಂದ ಹಸಿವು ತಗ್ಗುವುದು, ನಿದ್ರೆ ಕೆಡುವುದು ಮೊದಲಾದ ಉಪದ್ರವಗಳೂ ಉಂಟು. ಆದುದರಿಂದ ಮಗುವಿನ ತೂಕ, ಎತ್ತರ, ರಕ್ತದ ಒತ್ತಡಗಳನ್ನು ಆಗಾಗ್ಗೆ ನೋಡುತ್ತಿರಬೇಕು. ಮೀಥೈಲ್‌ಫೆನಿಡೇಟನ್ನು ನಮ್ಮ ದೇಶದ ಮಾದಕದ್ರವ್ಯಗಳ ಕಾನೂನು ನಿಯಂತ್ರಿಸುತ್ತದೆ. ಅದು ನೆರೆಯವರ ಮಾತು ಕೇಳಿ ಅಂಗಡಿಯಿಂದ ತಂದು ಕೊಡುವ ಮದ್ದಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಗಮನ ನಿಲ್ಲದ ಮಗುವಿಗೆಲ್ಲ ಈ ಹೆಸರನ್ನೇ ಅಂಟಿಸಿದರೆ ಬೆತ್ತದ ಅನ್ಯಾಯವು ಹೋಗಿ ಹಣೆಪಟ್ಟಿಯ ಅನ್ಯಾಯವು ಬಂದೀತು. ಕಿವಿ ಮಂದವಾದ ಮಗು ಪಾಠ ಕೇಳದು. ಕಣ್ಣು ಮಂದವಾದ ಮಗು ಹಲಗೆ ನೋಡದು. ರಕ್ತಹೀನತೆಯಿಂದ ಬಳಲುವ, ಹಸಿದ, ನಿದ್ರೆಗೆಟ್ಟ ಮಗುವಿನ ಮನಸ್ಸು ನಿಲ್ಲದು. ಕ್ಷಣಕಾಲ ಮಾತ್ರ ಪ್ರಜ್ಞೆ ತಪ್ಪಿಸುವ ಬಗೆಯ ಮೂರ್ಛೆಯು ಅನ್ಯಮನಸ್ಕತೆಯಂತೆ ತೋರುತ್ತದೆ. ಮನೆಯಲ್ಲಿ ಕುಡಿತವೂ ಹೊಡೆದಾಟವೂ ಇದ್ದರೆ ಮಗುವಿನ ಚಿತ್ತ ಶಾಲೆಯಲ್ಲಿ ಹೇಗೆ ಇದ್ದೀತು? ನಮ್ಮದು ಗಡಿಯ ಜಿಲ್ಲೆ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡಿ ಶಾಲೆಯಲ್ಲಿ ಬೇರೆ ಭಾಷೆಯನ್ನು ಕೇಳುವ ಎಳೆಯ ಮಗುವು ಅರ್ಥವಾಗದೆ ಆಚೀಚೆ ನೋಡಿದರೆ ಅದನ್ನು ಗಮನದ ಕೊರತೆಯೆನ್ನಲಾಗದು. ಇವೆಲ್ಲವನ್ನೂ ಪರೀಕ್ಷಿಸಿ ತೀರ್ಮಾನಿಸತಕ್ಕವರು ಅರಿತ ವೈದ್ಯರು. ಉಪಾಧ್ಯಾಯರ ಕೆಲಸ ಶಂಕಿಸಿ ತಿಳಿಸುವುದು, ರೋಗದ ಹೆಸರಿಡುವುದಲ್ಲ.

ಆದರೆ ಉಪಾಧ್ಯಾಯರು ವೈದ್ಯರಿಗಾಗಿ ಕಾಯದೆ ನಾಳೆಯಿಂದಲೇ ಮಾಡಬಹುದಾದುದು ಬಹಳವಿದೆ. ಮಗುವನ್ನು ಕಿಟಕಿ ಬಾಗಿಲುಗಳಿಂದ ದೂರ, ತಮ್ಮ ಮೇಜಿನ ಹತ್ತಿರ ಕೂಡಿಸಲಿ. ಹತ್ತು ಲೆಕ್ಕಗಳನ್ನು ಒಮ್ಮೆಗೇ ಕೊಡದೆ ಎರಡೆರಡಾಗಿ ಕೊಡಲಿ. ಒಂದು ಸಲಕ್ಕೆ ಒಂದೇ ಆಜ್ಞೆ, ಅದೂ ಕಣ್ಣಿಗೆ ಕಣ್ಣಿಟ್ಟು ಮೆಲುದನಿಯಲ್ಲಿ. ನಡುನಡುವೆ ಎದ್ದು ಹಲಗೆ ಒರಸಿ ಬರುವ, ಪುಸ್ತಕ ಹಂಚಿ ಬರುವ ಕೆಲಸ ಕೊಟ್ಟರೆ ಕಾಲಿನ ಚಡಪಡಿಕೆಗೆ ಮರ್ಯಾದೆಯ ದಾರಿ ದೊರೆಯುತ್ತದೆ. ಒಳ್ಳೆಯದು ಮಾಡಿದ ಕೂಡಲೇ ಮೆಚ್ಚಲಿ. ಈ ಮಕ್ಕಳಿಗೆ ತಿಂಗಳ ಕೊನೆಯ ಬಹುಮಾನಕ್ಕಿಂತ ಈ ಗಳಿಗೆಯ ‘ಶಾಬಾಸ್’ ಹೆಚ್ಚು ಫಲಕಾರಿ. ಮನೆಯಲ್ಲಿಯೂ ಊಟ, ಓದು, ನಿದ್ರೆಗಳಿಗೆ ನಿಶ್ಚಿತವಾದ ವೇಳೆಯಿರಲಿ. ಚೀಲವನ್ನು ಇಡುವ ಗೂಟ ಒಂದೇ ಇರಲಿ. ಇವಕ್ಕೆ ಹಣ ಬೇಡ, ತಾಳ್ಮೆ ಬೇಕು.

ಅಧಿಕಾರಿಗಳಲ್ಲಿ ಮೂರು ಮಾತು

ಈಗ ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆ. ಮೊದಲನೆಯದಾಗಿ, ಬಳ್ಳಾರಿ ಮಾದರಿಯಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕೊಟ್ಟ ತರಬೇತಿಯನ್ನು ಈ ಸಲ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರಿಗೆ ಕೊಡತಕ್ಕದ್ದು. ಗುರುತಿಸುವ ಪ್ರಶ್ನಾವಳಿಯು ತಿಳಿಗನ್ನಡದಲ್ಲಿ ಇರಬೇಕು. ಅವಶ್ಯವಿರುವಲ್ಲಿ ತೆಲುಗು, ಉರ್ದುಗಳಲ್ಲಿಯೂ ಇರಬೇಕು. ತಾಯಿಯು ತನ್ನ ಮಗುವಿನ ವಿಷಯವನ್ನು ತನ್ನ ನುಡಿಯಲ್ಲಿಯಲ್ಲದೆ ಇನ್ನಾವುದರಲ್ಲಿ ಹೇಳಿಯಾಳು?

ಎರಡನೆಯದಾಗಿ, ದೂರದ ಪ್ರಶ್ನೆ. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಮೀರಿದ ದಾರಿ. ಕೂಲಿಯ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಬಂದರೆ ಒಂದು ದಿನದ ಕೂಲಿಯೂ ಹೋಯಿತು, ಇಬ್ಬರ ಹಾದಿಖರ್ಚೂ ಆಯಿತು. ಸುಮಾರು 300 ಕಿಲೋಮೀಟರು ದೂರದ ಬೆಂಗಳೂರಿನ ಮಾತಂತೂ ಬೇಡ. 1961ರಲ್ಲಿ ಸ್ಥಾಪಿತವಾಗಿ ಬಹುಕಾಲ ವಿಮ್ಸ್ ಎಂದು ಪ್ರಸಿದ್ಧವಾಗಿದ್ದ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರೂ ಮಕ್ಕಳ ವೈದ್ಯರೂ ತಿಂಗಳಿಗೊಮ್ಮೆ ಗೊತ್ತಾದ ದಿನದಲ್ಲಿ ಸಿರುಗುಪ್ಪಕ್ಕೂ, ಈಚೆಗೆ ತಾಲ್ಲೂಕಾದ ಕುರುಗೋಡಿಗೂ ಬಂದು ಮಕ್ಕಳನ್ನೇ ನೋಡುವ ಏರ್ಪಾಡಾಗಬೇಕು. ತಾಲ್ಲೂಕೆಂಬ ಹೆಸರು ಬಂದರೆ ಸಾಲದು. ಹೆಸರಿಗೆ ತಕ್ಕ ಸೇವೆ ಬರಬೇಕು.

ಮೂರನೆಯದಾಗಿ, ಹಣದ ಪ್ರಶ್ನೆ. ಸಂವಿಧಾನದ 371 ಜೆ ಅನುಚ್ಛೇದದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ 2013ರಿಂದ ವಿಶೇಷ ಸ್ಥಾನಮಾನ ದೊರೆತಿದೆ. ಬಳ್ಳಾರಿಯೂ ಅದರಲ್ಲಿ ಸೇರಿದೆ. ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ರಸ್ತೆಗಳಾಗಲಿ, ಕಟ್ಟಡಗಳಾಗಲಿ, ಸಂತೋಷವೇ. ಅದರ ಒಂದು ಅಲ್ಪಾಂಶವು ಉಪಾಧ್ಯಾಯರ ತರಬೇತಿಗೂ ಮಕ್ಕಳ ಮನೋವೈದ್ಯ ಸೇವೆಗೂ ಸಂದರೆ ಅದೂ ಅಭಿವೃದ್ಧಿಯೇ. ಹಿಂದುಳಿದ ಪ್ರದೇಶವೆಂದು ಹೇಳಿಕೊಂಡು ಹಣ ಪಡೆಯುವ ನಾವು ತರಗತಿಯಲ್ಲಿ ಹಿಂದುಳಿದ ಮಗುವನ್ನು ಮರೆಯುವುದು ಸಲ್ಲದು.

ಪಟ್ಟಣದ ವಿದ್ಯಾವಂತರೂ ಅಧಿಕಾರಿಗಳೂ ಆದ ನಮ್ಮ ವಾಚಕರಲ್ಲಿ ಕೆಲವರಿಗೆ ಇದನ್ನು ಓದುವಾಗ ತಮ್ಮದೇ ಬಾಲ್ಯವು ನೆನಪಿಗೆ ಬಂದಿರಬಹುದು. ತಮ್ಮೊಡನೆ ಕಲಿಯುತ್ತಿದ್ದು, ದಿನವೂ ಬೆಂಚಿನ ಮೇಲೆ ನಿಂತು, ಒಂದು ದಿನ ಶಾಲೆಗೆ ಬಾರದೇ ಹೋದ ಗೆಳೆಯನ ಮುಖವು ನೆನಪಿಗೆ ಬಂದಿರಬಹುದು. ಅವನ ಮೇಲಿನ ತೀರ್ಪು ಆಗಿಹೋಯಿತು; ಅದಕ್ಕೆ ಅಪೀಲಿಲ್ಲ. ಆದರೆ ಅದೇ ಬೆಂಚಿನ ಮೇಲೆ ಇಂದು ಇನ್ನೊಬ್ಬ ಹುಡುಗನು ನಿಂತಿದ್ದಾನೆ. ಅವನ ಮೊಕದ್ದಮೆ ಇನ್ನೂ ಮುಗಿದಿಲ್ಲ. ಕಟ್ಟಿಹಾಕಿದ ರೋಗಿಯ ಸಂಕೋಲೆಯನ್ನು ಬಿಚ್ಚುವ ಬಗೆಯನ್ನು ನಾಲ್ಕು ದಶಕಗಳ ಹಿಂದೆ ದೇಶಕ್ಕೆ ತೋರಿದ ಜಿಲ್ಲೆಗೆ, ಆ ಹುಡುಗನನ್ನು ಬೆಂಚಿನಿಂದ ಕೆಳಗಿಳಿಸಿ ಹತ್ತಿರ ಕೂಡಿಸಿಕೊಳ್ಳುವುದು ಅಸಾಧ್ಯವಾದ ಕಾರ್ಯವೇನಲ್ಲ.